ನಿಂಬಿಹಣ್ಣಿಗಿಂತ ಮೊದಲ ಕಲ್ಲು

ಮುಂದಿನ ವಾರ ಖಂಡೇ ಪೂಜಾ. ನಮ್ಮ ಓಣ್ಯಾಗ ಈಗಿಂದನ ಗಾಡಿ ತೊಳಿಯೂದು ಸುರು ಆಗೇತಿ. ಪೈಪ್ ಹಿಡಕೊಂಡು ಹುಡುಗೂರು, ಬಕೀಟು ಹಿಡಕೊಂಡು ಗಂಡಸರು, ಅವರಿಗೆಲ್ಲಾ ಚಹಾ ಮಾಡಿಕೊಡಾಕ ನಾವು. ಪೂಜಾದ ದಿನ ಗಾಡಿಗೆ ಚೆಂಡುಹೂವಿನ ಮಾಲಿ ಹಾಕತೇವಿ, ಕುಂಬಳಕಾಯಿ ಒಡಿತೇವಿ, ನಾಲ್ಕೂ ಗಾಲಿ ಕೆಳಗ ನಿಂಬಿಹಣ್ಣ ಇಟ್ಟು ಗಾಡಿ ಹಾಯಸತೇವಿ. ಆದ್ರ ನಾ ಇವತ್ತ ಹೇಳೂದು ಅದರ ಹಿಂದಿನ ದಿನದ ಮಾತು. ಪೂಜಾದೊಳಗ ಗಾಡಿ ಕೆಳಗಿಂದ ಸುದ್ದಾ ಸ್ವಚ್ಛ ಆಗಬೇಕು, ಸಣ್ಣಪುಟ್ಟ ರಿಪೇರಿ ಮುಗೀಬೇಕು ಅಂತ ನಮ್ಮ ಮನಿ ಗಂಡಸರು ಜ್ಯಾಕ್ ಹಚ್ಚಿ ಕೆಳಗ ಮೈ ತೂರಿಸಿ ಮಲಗತಾರಲ್ಲ, ಆ ಮಾತು.

"ನಿಮಗ್ಯಾಕ ಬೇಕ್ರಿ ವೈನಿ ಇದು? ಹೋದ ಸಲ ಹುಂಚಿ ತೊಕ್ಕಿನ ಬಗ್ಗೆ ಬರದಿದ್ರಿ, ಅದ ಚಲೋ ಇತ್ತು" ಅಂತ ಯಾರರ ಅಂದೀರಿ. ಖರೇ ಐತಿ. ನನಗ ಗಾಡಿ ಹೊಡಿಯಾಕ ಬರೂದಿಲ್ಲ. ಓದಿದ್ದು ಪಿಯುಸಿ, ಅದೂ ಆರ್ಟ್ಸ್. ಆದ್ರ ಗಾಡಿ ಕೆಳಗ ಮಲಗಾವ್ರು ನಮ್ಮವರು. ಅದಕ್ಕ ಬರೀತೇನಿ.

ಹೋದ ವರ್ಷ ಆದದ್ದು ಹೇಳತೇನಿ. ನಮ್ಮದು ಹಳೇ ಮಾರುತಿ 800. ಮುಂದ ಎಡಗಡೆ ಗಾಲಿ ಹತ್ರ ಏನೋ ಕಟಕಟ ಸಪ್ಪಳ ಬರತಿತ್ತು. ನಮ್ಮ ಮನಿಯವ್ರು, "ಹಬ್ಬದಾಗ ಗ್ಯಾರೇಜಿನವರು ಕೈಗೆ ಸಿಗೂದಿಲ್ಲ, ನಾನ ನೋಡತೇನಿ" ಅಂದ್ರು. ಡಿಕ್ಕ್ಯಾಗಿನ ಜ್ಯಾಕ್ ತಗದು ಅಂಗಳದ ಫರಸಿ ಮ್ಯಾಲ ಇಟ್ಟು ತಿರುವಿದ್ರು. ಗಾಡಿ ಎದ್ದಿತು. ಗಾಲಿ ಬಿಚ್ಚಿ ಬಾಜೂಕ ಒರಗಿಸಿದ್ರು. ಹಳೇ ತಟ್ಟಿನ ಚೀಲಾ ಹಾಸಿ, ಬ್ಯಾಟರಿ ಹಿಡಕೊಂಡು ಹೆಗಲಿನ ತನಕ ಒಳಗ ಹೋದ್ರು.

ನಾ ಕಟ್ಟಿ ಮ್ಯಾಲ ಕುಂತು ಮೆಂತೇಪಲ್ಲೆ ಸೋಸತಿದ್ದೆ. ಮಳಿ ನೀರು ಹರದು ಹೋಗಲಿ ಅಂತ ನಮ್ಮ ಅಂಗಳಾ ಗೇಟಿನ ಕಡೆ ಸ್ವಲ್ಪ ಇಳಿಜಾರು ಐತಿ. ಜ್ಯಾಕ್ ನೆಟ್ಟಗ ನಿಂತಿರಲಿಲ್ಲ, ಗೇಟಿನ ಕಡೆ ತುಸು ವಾಲಿತ್ತು. ನನಗ ಕಂಡಿತು. ಹೇಳಬೇಕು ಅಂತ ಬಾಯಿ ತನಕ ಬಂದಿತ್ತು. ಹೇಳಲಿಲ್ಲ. ಯಾಕಂದ್ರ ಅದಕ್ಕಿಂತ ಮೊದಲ ಒಂದ ಸಲ ಇನ್ವರ್ಟರ್ ವಿಷಯದಾಗ ಏನೋ ಅನ್ನಾಕ ಹೋಗಿ, "ನಿನಗೇನ ತಿಳಿತೈತಿ ಇದರಾಗ" ಅಂತ ಅನಿಸ್ಕೊಂಡಿದ್ದೆ. ಮತ್ತ ಯಾಕ ಅನಿಸ್ಕೊಳ್ಳೂದು ಅಂತ ಪಲ್ಲೆ ಸೋಸಕೋತ ಸುಮ್ಮನ ಕುಂತೆ.

ಸ್ವಲ್ಪ ಹೊತ್ತಿಗೆ ಅವ್ರು, "14ರ ಪಾನಾ ಎಲ್ಲಿ ಹೋತು?" ಅಂತ ಕೇಳಕೋತ ತಾವ ಹೊರಗ ಬಂದ್ರು. ಪಡಸಾಲಿ ಬಾಗಲಾ ದಾಟಿರಲಿಲ್ಲ, ಧಪ್ ಅಂತ ಸಪ್ಪಳ. ತಿರುಗಿ ನೋಡಿದ್ರ ಗಾಡಿ ನಾಲ್ಕ ಬೊಟ್ಟು ಮುಂದ ಸರದು ನೆಲಕ್ಕ ಕುಂತಿತ್ತು, ಜ್ಯಾಕ್ ಮಗ್ಗಲಾಗಿ ಬಿದ್ದಿತ್ತು. ತಟ್ಟಿನ ಚೀಲದ ಮ್ಯಾಲ ಬಿಟ್ಟು ಬಂದಿದ್ದ ಬ್ಯಾಟರಿ ಚಪ್ಪಟಿ ಆಗಿತ್ತು.

"ಏನೂ ಆಗಿಲ್ಲಲಾ? ಹೋಗು, ಚಹಾ ಇಡು" ಅಂದ್ರು. ನಕ್ಕರು ಸುದ್ದಾ. ನಾ ಚಹಾ ಇಟ್ಟೆ. ಸಕ್ಕರಿ ಹಾಕಿದೆನೋ ಇಲ್ಲೋ ನೆನಪಿಲ್ಲ. ಅವ್ರೂ ಏನೂ ಅನ್ನದ ಕುಡದ್ರು.

ಅವತ್ತ ರಾತ್ರಿ ಇಬ್ಬರಿಗೂ ನಿದ್ದಿ ಬರಲಿಲ್ಲ. ಅವ್ರು ಏನು ವಿಚಾರ ಮಾಡತಿದ್ರೋ, ಕೇಳಲಿಲ್ಲ. ನನಗಂತೂ ಒಂದ ಮಾತು ತಲ್ಯಾಗ ತಿರಗತಿತ್ತು: ವಾಲಿದ್ದು ನನಗ ಕಂಡಿತ್ತು. ಕಂಡೂ ಬಾಯಿ ಮುಚ್ಚಿಕೊಂಡು ಕುಂತಿದ್ದೆ.

ಹಬ್ಬ ಮುಗದ ಮ್ಯಾಲ ನಮ್ಮ ಓಣಿ ತುದಿಗೆ ಗ್ಯಾರೇಜ್ ಹಾಕಿದ ಹುಡುಗನ ಹತ್ರ ಹೋದೆ. ಹೂಂ, ನಾನ ಹೋದೆ. "ತಮ್ಮಾ, ಗಾಡಿ ಗೇರಿನ್ಯಾಗ ಇತ್ತು ಅಂತಾರ, ಆದ್ರೂ ಹೆಂಗ ಸರೀತು?" ಅಂತ ಕೇಳಿದೆ. ಅವಾ ಮೊದಲ ನಕ್ಕಾ. ಆಮ್ಯಾಲ ಅಲ್ಲೇ ನಿಂತಿದ್ದ ಒಂದು ಗಾಡಿ ತೋರಿಸಿ ಎಲ್ಲಾ ಬಿಡಿಸಿ ಹೇಳಿದಾ.

ಮಾರುತಿ 800ರಾಗ ಇಂಜಿನ್ ತಿರುಗಸೂದು ಮುಂದಿನ ಎರಡು ಗಾಲಿ. ಗೇರಿನ್ಯಾಗ ಇಟ್ಟ್ರ ಗೇರು ಹಿಡಿಯೂದೂ ಆ ಎರಡನ್ನ. ಅವೆರಡರಾಗ ಒಂದನ್ನ ಜ್ಯಾಕ್ ಹಚ್ಚಿ ಎತ್ತಿದ್ರ, ಎದ್ದ ಕಡೆ ಹಿಂದಕ್ಕ ತಿರಗತೈತಿ, ನೆಲದ ಮ್ಯಾಲಿನ ಗಾಲಿ ಮುಂದಕ್ಕ ಉಳ್ಳತೈತಿ. ಗೇರಿನ ಹಿಡಿತ ಅಲ್ಲಿಗೆ ಮುಗೀತು. ಹ್ಯಾಂಡ್ ಬ್ರೇಕ್ ಹಿಡಿಯೂದು ಹಿಂದಿನ ಗಾಲಿಗಳನ್ನ. ನಮ್ಮ ಮನಿಯವ್ರು ಅದನ್ನ ಎಳದಿರಲಿಲ್ಲ. ಹಿಂದಿನ ಎರಡೂ ಗಾಲಿ ಎತ್ತಿದಾಗ ಇದರ ಉಲ್ಟಾ: ಹ್ಯಾಂಡ್ ಬ್ರೇಕ್ ಎಳದ್ರೂ ಹಿಡಿಯಾಕ ನೆಲದ ಮ್ಯಾಲ ಗಾಲಿನ ಇಲ್ಲ. ಅದಕ್ಕ ಯಾವಾಗ್ಲೂ ಮೂರೂ ಮಾಡಬೇಕು: ಗೇರಿನ್ಯಾಗ ಇಡೂದು, ಹ್ಯಾಂಡ್ ಬ್ರೇಕ್ ಎಳಿಯೂದು, ನೆಲದ ಮ್ಯಾಲ ಉಳಿಯೂ ಗಾಲಿಗೆ ಹಿಂದ ಮುಂದ ಎರಡೂ ಕಡೆ ಕಲ್ಲು ಕೊಡೂದು. ಮರದ ಬೆಣಿ ಇದ್ರ ಇನ್ನೂ ಚಲೋ. ದುಂಡನ್ನ ಕಲ್ಲು ಬ್ಯಾಡ, ಅದೂ ಗಾಲಿ ಸಂಗಡ ಉಳ್ಳತೈತಿ.

ಇಷ್ಟು ಕೇಳಿದ ಮ್ಯಾಲ ನನಗ ನಮ್ಮ ಅಪ್ಪನ ನೆನಪಾತು. ನನ್ನ ತವರಮನಿ ನವಲಗುಂದ ಕಡೆ, ಎರಿ ಹೊಲದ ಸೀಮಿ. ಚಕ್ಕಡಿ ಗಾಲಿಗೆ ಕೀಲೆಣ್ಣಿ ಹಾಕೂ ಮುಂದ ಇಬ್ಬರು ಹೆಗಲು ಕೊಟ್ಟು ಚಕ್ಕಡಿ ಎತ್ತತಿದ್ರು. ಅಪ್ಪ ಅಚ್ಚಿನ ಕೆಳಗ ದಪ್ಪನ್ನ ಮರದ ತುಂಡು ಕೊಡತಿದ್ದಾ. ಭಾರ ಎಲ್ಲಾ ತುಂಡಿನ ಮ್ಯಾಲ ಕುಂತಮ್ಯಾಲನ ಅವರು ಹೆಗಲು ತಗೀತಿದ್ರು, ಗಾಲಿ ಎಳಿಯೂದು ಆಮ್ಯಾಲ. ನಾವು ಹುಡುಗೂರು ಹತ್ರ ಹೋದ್ರ, "ಹೆಗಲು ಯಾವಾಗ ಸೋಲತೈತಿ ಹೊತ್ತವಗೂ ಗೊತ್ತಿರೂದಿಲ್ಲ, ದೂರ ಸರೀರಿ" ಅಂತಿದ್ದಾ.

ಜ್ಯಾಕ್ ಅಂದ್ರ ಹೆಗಲು. ಅದರ ಕೆಲಸ ಎತ್ತೂದು, ಅಷ್ಟ. ಎತ್ತಿದ್ದನ್ನ ಹೊತ್ತು ನಿಂದ್ರಾಕ ಬೇರೆ ತುಂಡು ಬೇಕು. ಗಾಡಿಗೆ ಆ ತುಂಡಿನ ಹೆಸರು ಜ್ಯಾಕ್ ಸ್ಟ್ಯಾಂಡ್. ಕೆಳಗ ಅಗಲ, ಮ್ಯಾಲ ಸಣ್ಣ, ನಡುವ ಹಲ್ಲಿನ ಕಂಬ, ಅದನ್ನ ಮ್ಯಾಲ ಕೆಳಗ ಮಾಡಿ ಎಷ್ಟು ಎತ್ತರಕ್ಕ ಬೇಕೋ ಅಷ್ಟಕ್ಕ ನಿಂದರಸಬಹುದು. ಜೋಡಿಲೆ ಸಿಗತಾವು. ಡಿಕ್ಕ್ಯಾಗ ಬರೂ ಕತ್ತರಿ ಜ್ಯಾಕಿನ ಪಾದ ನಮ್ಮ ಅಂಗೈಯಷ್ಟ ಇರತೈತಿ. ಗಾಡಿ ನಾಲ್ಕ ಬೊಟ್ಟು ಸರದ್ರ ಸಾಕು, ವಾಲಿ ಬೀಳತೈತಿ. ದಾರ್ಯಾಗ ಪಂಚರ್ ಆದ್ರ ಸ್ಟೆಪ್ನಿ ಹಾಕಾಕ ಅಂತ ಕೊಟ್ಟದ್ದು ಅದು. ಸ್ಟೆಪ್ನಿ ಹಾಕೂ ಮುಂದ ಯಾರೂ ಕೆಳಗ ಹೋಗೂದಿಲ್ಲ. ಗ್ಯಾರೇಜಿನ ಎಣ್ಣಿ ಜ್ಯಾಕ್ ಗಟ್ಟಿ ಇರತೈತಿ, ಆದ್ರ ಅದರೊಳಗಿನ ರಬ್ಬರ್ ಸವದು ಎಣ್ಣಿ ಸರದ್ರ ಅದೂ ಕೆಳಗ ಇಳೀತೈತಿ.

ಭಾರ ಎಷ್ಟು ಅಂತ ನಮಗ ತಿಳಿಯೂ ಹಂಗ ಲೆಕ್ಕ ಹಾಕೋಣ. ನಮ್ಮ ಮನಿ ಗ್ಯಾಸ್ ಸಿಲಿಂಡರಿನ್ಯಾಗ 14.2 ಕಿಲೋ ಗ್ಯಾಸ್, ಖಾಲಿ ಸಿಲಿಂಡರಿನ ತೂಕಾ ಕೂಡಿಸಿದ್ರ ಸುಮಾರು 30 ಕಿಲೋ. ಖಾಲಿ ಮಾರುತಿ 800 ಸುಮಾರು 650 ಕಿಲೋ. ಅಂದ್ರ 21 ತುಂಬಿದ ಸಿಲಿಂಡರು. ಸಣ್ಣ ಗಾಡಿ ಅಂತ ಕರಿಯೂದರ ತೂಕಾ ಇಷ್ಟು. ಈಗಿನ ದೊಡ್ಡ ಗಾಡಿ ಇದರ ಎರಡು ಪಟ್ಟಿಗಿಂತ ಹೆಚ್ಚು ಇರತಾವು. ಒಂದ ಸಿಲಿಂಡರ್ ಕಾಲ ಬೆರಳಿನ ಮ್ಯಾಲ ಬಿದ್ರ ಏನಾಗತೈತಿ ಅಂತ ನಮಗೆಲ್ಲಾ ಗೊತ್ತೈತಿ.

ಇನ್ನ ಮನ್ಯಾಗ ಗಾಡಿ ಎತ್ತೂದ ಆದ್ರ ಹೆಂಗ ಎತ್ತಬೇಕು ಅಂತ ಆ ಹುಡುಗ ಹೇಳಿದ್ದನ್ನ ಹಂತ ಹಂತವಾಗಿ ಬರೀತೇನಿ.

ಮೊದಲ ನೆಲ. ಸಮ ಇರಬೇಕು, ಗಟ್ಟಿ ಇರಬೇಕು. ಮಣ್ಣಿನ ಅಂಗಳ ಬ್ಯಾಡ. ಎರಿ ಮಣ್ಣಂತೂ ಬ್ಯಾಡನ ಬ್ಯಾಡ, ಮ್ಯಾಲ ಒಣಗಿದ್ರೂ ಒಳಗ ಹಸಿ ಇರತೈತಿ, ಜ್ಯಾಕ್ ಹುಗೀತೈತಿ. ಶಹಾಬಾದಿ ಫರಸಿನೂ ನಂಬಬ್ಯಾಡ್ರಿ. ಕೆಳಗ ಮರಳು ಸರದು ಪೊಳ್ಳ ಆಗಿದ್ರ ಒಂದ ಕಡೆ ಭಾರ ಬಿದ್ದಾಗ ಟಕ್ ಅಂತ ಸೀಳತೈತಿ. ಕಾಂಕ್ರೀಟ್ ನೆಲ ಇದ್ರ ಅಲ್ಲೇ ಎತ್ತಬೇಕು.

ಆಮ್ಯಾಲ ಎಲ್ಲಾರೂ ಗಾಡಿಯಿಂದ ಇಳೀಬೇಕು. ಕೀಲಿ ತಗದು ಕಿಸೆದಾಗ ಇಟ್ಟುಕೊಳ್ಳಬೇಕು. ಗೇರು, ಹ್ಯಾಂಡ್ ಬ್ರೇಕ್, ಕಲ್ಲು, ಈ ಮೂರೂ ಆಗಬೇಕು. ಗಾಲಿ ಬಿಚ್ಚೂದಿದ್ರ ನಟ್ಟು ನೆಲದ ಮ್ಯಾಲ ಇದ್ದಾಗನ ಸ್ವಲ್ಪ ಸಡ್ಲ ಮಾಡಿಕೊಳ್ಳಬೇಕು. ಗಾಡಿ ಎತ್ತಿದ ಮ್ಯಾಲ ಜೋರು ಹಾಕಿ ಪಾನಾ ತಿರುವಿದ್ರ ಗಾಡಿನ ಅಲಗ್ಯಾಡತೈತಿ.

ಜ್ಯಾಕ್ ಎಲ್ಲಿ ಹಚ್ಚಬೇಕು, ಸ್ಟ್ಯಾಂಡ್ ಎಲ್ಲಿ ಕೊಡಬೇಕು ಅನ್ನೂದು ಗಾಡಿ ಪುಸ್ತಕದಾಗ ಚಿತ್ರ ಸಮೇತ ಇರತೈತಿ. ಕಂಡ ಕಂಡಲ್ಲಿ ಹಚ್ಚಾಕ ಬರೂದಿಲ್ಲ. ತಳದ ತೆಳ್ಳನ್ನ ತಗಡಿಗೆ ಹಚ್ಚಿದ್ರ ತಗಡು ಒಳಗ ಹೋಗತೈತಿ, ಇಂಜಿನ್ ಎಣ್ಣಿ ತೊಟ್ಟಿಗೆ ಹಚ್ಚಿದ್ರ ತೊಟ್ಟಿ ಒಡೀತೈತಿ. ಆ ಹುಡುಗ ನಮ್ಮ ಗಾಡಿಗೆ ಸರಿಯಾದ ಜಾಗಾದಾಗ ಬಿಳಿ ಪೇಂಟಿನ ಬೊಟ್ಟು ಇಟ್ಟುಕೊಟ್ಟಾನು. ನಿಮ್ಮ ಗ್ಯಾರೇಜಿನವರ ಕಡೆಯಿಂದ ನೀವೂ ಒಂದ ಸಲ ಇಡಿಸಿಕೊಳ್ರಿ.

ಗಾಡಿ ಎತ್ತೂ ಮುಂದ ಯಾರ ಕೈ ಕಾಲೂ ಕೆಳಗ ಇರಬಾರದು. ಬೇಕಾದಷ್ಟ ಎತ್ತಬೇಕು, ಹೆಚ್ಚಿಗಿ ಬ್ಯಾಡ. ಎರಡೂ ಕಡೆ ಸ್ಟ್ಯಾಂಡ್ ಒಂದ ಎತ್ತರದಾಗ ಇಟ್ಟು, ಹಲ್ಲು ಪೂರ್ತಿ ಕಚ್ಚೇತೋ ಇಲ್ಲೋ ನೋಡಿ, ಜ್ಯಾಕ್ ನಿಧಾನ ಇಳಸಬೇಕು. ಭಾರ ಸ್ಟ್ಯಾಂಡಿನ ಮ್ಯಾಲ ಕುಂದರತೈತಿ. ಆವಾಗ ಜ್ಯಾಕ್ ತಗೀಬ್ಯಾಡ್ರಿ, ಮುಟ್ಟಿದಂಗ ಅಲ್ಲೇ ಬಿಡ್ರಿ. ಬಿಚ್ಚಿದ ಗಾಲಿನ ಗಾಡಿ ಅಂಚಿನ ಕೆಳಗ ಮಲಗಿಸ್ರಿ. ಒಂದ ವ್ಯಾಳ್ಯಾ ಎಲ್ಲಾ ಸೋತ್ರೂ ಗಾಡಿ ಗಾಲಿ ಮ್ಯಾಲ ಬೀಳಲಿ. ಕಡೀಕ ಹೊರಗ ನಿಂತು ಎರಡೂ ಕೈಲೆ ಗಾಡಿನ ಜೋರ ಅಲಗ್ಯಾಡಿಸಿ ನೋಡಬೇಕು. ಬೀಳೂದಿದ್ರ ಆಗಲೇ ಬೀಳಲಿ. ಇಷ್ಟ ಆದ ಮ್ಯಾಲ ಕೆಳಗ ಹೋಗೂದು.

ಇಳಸೂದು ಇದರ ಉಲ್ಟಾ. ಮೊದಲ ಮನಶ್ಯಾ ಹೊರಗ ಬರಬೇಕು, ಸಾಮಾನೂ ಹೊರಗ ಬರಬೇಕು. ಗಾಲಿ ಹಾಕಿ ಜ್ಯಾಕಿಂದ ತುಸು ಎತ್ತಿ, ಸ್ಟ್ಯಾಂಡ್ ತಗದು, ನಿಧಾನ ನೆಲಕ್ಕ ಇಳಿಸಿ, ನಟ್ಟು ಎದುರು ಬದರು ಬಿಗೀಬೇಕು. ಕಲ್ಲು ತಗಿಯೂದು ಎಲ್ಲಾಕಿಂತ ಕಡೀಕ.

ಈಗ ನೀವು ಕೇಳೂ ಮಾತಿಗೆ ಬರತೇನಿ. "ಸ್ಟ್ಯಾಂಡ್ ಯಾಕ್ರಿ, ನಾಲ್ಕ ಇಟ್ಟಂಗಿ ಇಟ್ಟ್ರ ಆತು" ಅಂತ ನಮ್ಮ ಮೈದುನ ಅಂದಾ. ಸಿಮೆಂಟಿನ ಪೊಳ್ಳ ಬ್ಲಾಕು ಇಡಾವ್ರೂ ಅದಾರ. ಇಟ್ಟಂಗಿ ಗ್ವಾಡ್ಯಾಗ ಇದ್ದಾಗ ಮನಿನ ಹೊರತೈತಿ, ಯಾಕಂದ್ರ ಭಾರ ಪೂರಾ ಹರಡಿಕೊಂಡಿರತೈತಿ. ಗಾಡಿ ಅಂಚು ಅಂದ್ರ ಚೂರಿ ಅಂಚಿದ್ದಂಗ. ಒಂದ ಗೆರಿ ಮ್ಯಾಲ ಅಷ್ಟು ಭಾರ ಬಿದ್ರ ಇಟ್ಟಂಗಿ ಒಂದ ಸಲಕ್ಕ ಪುಡಿ ಆಗತೈತಿ. ಕಟ್ಟಿಗಿ ಮುರಿಯೂ ಮುಂದ ಕರಕರ ಅಂತ ಸಪ್ಪಳಾನರ ಮಾಡತೈತಿ. ಇಟ್ಟಂಗಿ ಅದೂ ಮಾಡೂದಿಲ್ಲ.

"ರೊಕ್ಕ ಸುಮ್ಮನ ದಂಡ" ಅಂತ ನಮ್ಮ ಮನಿಯವ್ರು ಅಂದ್ರು. ನಮಗ ಒಂದು ಸಾದಾ ಇಳಕಲ್ ಸೀರಿ ರೊಕ್ಕದಾಗ ಜೋಡಿ ಬಂದ್ವು. ನಾ ಈ ವರ್ಷ ಪಂಚಮಿಗೆ ಸೀರಿ ತಗೊಳ್ಳಲಿಲ್ಲ, ಅದರಾಗ ಮುಗಿಸಿದೆ. ತಗೊಳ್ಳೂ ಮುಂದ ಎಷ್ಟು ಟನ್ ಹೊರತೈತಿ ಅಂತ ಬರದದ್ದು ಓದ್ರಿ. ಆ ಲೆಕ್ಕ ಒಂದಕ್ಕೋ ಜೋಡಿಗೋ ಅನ್ನೂದನ್ನೂ ಕೇಳ್ರಿ.

"ಸ್ಟ್ಯಾಂಡ್ ಇಟ್ಟಮ್ಯಾಲ ಗಾಲಿ ಯಾಕ ಕೆಳಗ?" ಅಂತಾನೂ ಕೇಳಿದ್ರು. ಅಮೆರಿಕಾದಾಗಿರೂ ನಮ್ಮ ಅಕ್ಕನ ಮಗಾ ಅದಕ್ಕ ಉತ್ತರಾ ಕೊಟ್ಟಾ. ಅಲ್ಲಿ ಮನಿಗೊಂದು ಗಾಡಿ ಶೆಡ್, ಭಾಳ ಮಂದಿ ರಿಪೇರಿ ತಾವ ಮಾಡಿಕೊಳ್ಳತಾರಂತ. 2020ರಾಗ ಅಲ್ಲಿ ಒಂದು ದೊಡ್ಡ ಕಂಪನಿ ತಾನು ಮಾರಿದ ಲಕ್ಷಗಟ್ಟಲೆ ಸ್ಟ್ಯಾಂಡ್ ವಾಪಸ್ ಕರಿಸಿತ್ತು, ಭಾರ ಬಿದ್ದಾಗ ಹಲ್ಲು ಜಾರೂ ಸಂಭವ ಇತ್ತಂತ. ಹಂಗಂತ ಸ್ಟ್ಯಾಂಡ್ ಬ್ಯಾಡ ಅಂತಲ್ಲ. ಒಂದನ್ನ ನಂಬಿ ಜೀವಾ ಕೊಡಬಾರದು, ಒಂದು ಸೋತ್ರ ಇನ್ನೊಂದು ಇರಬೇಕು.

"ಇಷ್ಟೆಲ್ಲಾ ಯಾಕ, ಗ್ಯಾರೇಜಿಗೆ ಕಳಸ್ರಿ" ಅಂದ್ರ ನಾ ಹೂಂ ಅಂತೇನಿ. ಸ್ಟ್ಯಾಂಡ್ ಇಲ್ಲ, ಸಮ ನೆಲ ಇಲ್ಲ ಅಂದ್ರ ಗ್ಯಾರೇಜಿಗೆ ಹೋಗೂದರಾಗ ಏನೂ ಕಡಿಮಿ ಆಗೂದಿಲ್ಲ. ಆದ್ರ ನಮ್ಮ ಗಂಡಸರು ಕೇಳೂದಿಲ್ಲ ಅಂತ ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ನಮ್ಮ ಹುಡುಗೂರಂತೂ ಮೊಬೈಲಿನ್ಯಾಗ ಎರಡ ವಿಡಿಯೋ ನೋಡಿ ಕೆಳಗ ಹೋಗತಾರ. ವಿಡಿಯೋದಾಗಿನ ನೆಲ ಬ್ಯಾರೆ, ನಮ್ಮ ಅಂಗಳ ಬ್ಯಾರೆ.

ಅದಕ್ಕ ನಾ ಹೇಳೂದು, ಇದು ಗಂಡಸರ ಕೆಲಸ ಅಂತ ನಾವು ಮಾರಿ ತಿರುವಬಾರದು. ಮಲಗಿದವರಿಗೆ ಕಾಣೂದು ಗಾಡಿ ತಳ ಅಷ್ಟ. ಜ್ಯಾಕ್ ವಾಲಿದ್ದು, ಕಲ್ಲು ಇಲ್ಲದ್ದು, ಹುಡುಗೂರು ಬಾಗಲಾ ತಗದು ಒಳಗ ಏರಾಕ ಹತ್ತಿದ್ದು ಹೊರಗ ನಿಂತ ನಮಗ ಕಾಣತೈತಿ. ಹಾಲು ಉಕ್ಕೂದನ್ನ ಮೂರ ಖೋಲಿ ಆಚೆಯಿಂದ ಗುರತಿಸಾವ್ರು ನಾವು, ಇದು ಕಾಣೂದಿಲ್ಲೇನು? ಕಂಡಮ್ಯಾಲ ಹೇಳೂದು ಅಷ್ಟ. ನಾ ಐದು ಮಾತು ಬಾಯಿಪಾಠ ಮಾಡಿಕೊಂಡೇನಿ: ನೆಲ ಗಟ್ಟಿ ಐತೇನು? ಹ್ಯಾಂಡ್ ಬ್ರೇಕ್, ಗೇರು, ಕಲ್ಲು ಮೂರೂ ಆಗ್ಯಾವೇನು? ಭಾರ ಸ್ಟ್ಯಾಂಡಿನ ಮ್ಯಾಲ ಐತೇನು? ಗಾಲಿ ಕೆಳಗ ಇಟ್ಟೀರೇನು? ಅಲಗ್ಯಾಡಿಸಿ ನೋಡಿದ್ರೇನು? ಐದಕ್ಕೂ ಹೂಂ ಬರೂ ತನಕ ತಟ್ಟಿನ ಚೀಲಾ ನನ್ನ ಕೈಯಾಗ.

ಮತ್ತ ಒಬ್ಬರ ಇದ್ದಾಗ ಈ ಕೆಲಸ ಮಾಡಬಾರದು, ಮನ್ಯಾಗ ಇನ್ನೊಬ್ಬರು ಇರಬೇಕು. ದೇವರ ದಯಾ, ಹಂಗ ಆಗಬಾರದು, ಆದ್ರ ಗಾಡಿ ಕುಂತ್ರ ಕಾಲ ಹಿಡದು ಜಗ್ಗಬ್ಯಾಡ್ರಿ. ಓಣಿ ಮಂದಿನ ಕೂಗಿ ಕರೀರಿ, ಜ್ಯಾಕ್ ಮತ್ತ ಹಚ್ಚಿ ಗಾಡಿ ಎತ್ತಿಸ್ರಿ, 108ಕ್ಕ ಫೋನ್ ಮಾಡ್ರಿ.

ಮೊನ್ನೆ ರವಿವಾರ ನಮ್ಮ ಮನಿಯವ್ರು ಮತ್ತ ಗಾಡಿ ಎತ್ತಿದ್ರು. ಈ ಸಲ ಬಾಜೂಮನಿಯವರ ಕಾಂಕ್ರೀಟ್ ಅಂಗಳದಾಗ. ಹಿಂದಿನ ಗಾಲಿಗೆ ಕಲ್ಲ ಕೊಟ್ಟಾಕಿ ನಾನು. ಸ್ಟ್ಯಾಂಡ್ ಇಟ್ಟು, ಜ್ಯಾಕ್ ಇಳಿಸಿ, ಗಾಡಿ ಅಲಗ್ಯಾಡಿಸಿ, ನನ್ನ ಕಡೆ ನೋಡಿ, "ಇನ್ನೇನರ ಉಳದೇತೇನು?" ಅಂದ್ರು. ಚ್ಯಾಷ್ಟಿಗೆ ಕೇಳಿದ್ರೋ ಖರೇನ ಕೇಳಿದ್ರೋ ತಿಳೀಲಿಲ್ಲ. "ಗಾಲಿ ಕೆಳಗ ಸರಸ್ರಿ" ಅಂದೆ. ಸರಿಸಿದ್ರು. ನಾ ತಟ್ಟಿನ ಚೀಲಾ ಕೊಟ್ಟೆ.

ಅಕ್ಕಾರ, ವೈನಿಗೋಳ, ತಂಗ್ಯಾರ, ನಿಂಬಿಹಣ್ಣ ಇಡೂದು ಬಿಡಬ್ಯಾಡ್ರಿ, ಅದು ನಮ್ಮ ಪದ್ಧತಿ. ಆದ್ರ ಅದಕ್ಕಿಂತ ಒಂದ ದಿನ ಮೊದಲ ಗಾಲಿಗೆ ಕಲ್ಲ ಇಡ್ರಿ. ಜ್ಯಾಕ್ ವಾಲಿದ್ದು ಕಂಡ್ರ ಪಲ್ಲೆ ಬುಟ್ಟಿ ಬಾಜೂಕ ಇಟ್ಟು ಎದ್ದು ಹೋಗಿ ಹೇಳ್ರಿ. "ನಿನಗೇನ ತಿಳಿತೈತಿ" ಅಂದ್ರ ಅನ್ನಲಿ. ಅನ್ನಾಕ ಅವ್ರು ಇರಬೇಕಲ್ಲ.